ಬಂಗಾರದ ಮೀನಿಗೆ ಬೇನೆ ಬಂದಾಗ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ನಮ್ಮ ಹಿರಿಯರು ಹೇಳುತ್ತಾರೆ. ಈ ಗಾದೆಯನ್ನು ಗಾಜಿನ ತೊಟ್ಟಿಯಲ್ಲಿ ಸಾಕಿದ ಬಂಗಾರದ ಮೀನಿಗೆ ಅನ್ವಯಿಸಿ ನೋಡಿದರೆ ಅರ್ಧ ಮಾತ್ರ ಹೊಂದುತ್ತದೆ. ಮೀನಿಗೆ ಮಾತಿಲ್ಲ, ಆದುದರಿಂದ ಜಗಳವೂ ಇಲ್ಲ. ಆದರೆ ಅದರ ಊಟ ಅದರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಅದು ಉಸಿರಾಡುವ ನೀರೂ ನಮ್ಮ ಕೈಯಲ್ಲಿಯೇ ಇದೆ. ಹೀಗಿರುವಾಗ ಅದಕ್ಕೊಂದು ಬೇನೆ ಬಂದರೆ ಆ ಬೇನೆಯ ಬೇರು ಎಲ್ಲಿದೆಯೆಂದು ಹುಡುಕಬೇಕಾದವರೂ ನಾವೇ ಅಲ್ಲವೆ?

"ಮೀನಿಗೂ ಔಷಧೋಪಚಾರವೆ?" ಎಂದು ವಾಚಕರು ನಗಬಹುದು. ನಗುವವರನ್ನು ನಾನು ದೂರುವುದಿಲ್ಲ. ಭೀಮೆ ಮತ್ತು ಕೃಷ್ಣೆಯರ ನಡುವಿನ ನಮ್ಮ ನಾಡಿನಲ್ಲಿ ಮೀನೆಂದರೆ ಬಲೆ, ಬುಟ್ಟಿ, ಸಂತೆ ಮತ್ತು ಸಾರು. ಬೇನೆ ಬಿದ್ದ ಮೀನನ್ನು ನೋಡಿಕೊಳ್ಳುವುದು ಎಂಬ ಮಾತೇ ಇಲ್ಲಿ ಹೊಸದು. ಮೇಲಾಗಿ ನಾನು ಕಲಾ ವಿಭಾಗದವಳು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವಳು. ಪ್ರಾಣಿಶಾಸ್ತ್ರದ ಮಿತ್ರರು ಈ ಅಧಿಕ ಪ್ರಸಂಗವನ್ನು ಕ್ಷಮಿಸಬೇಕು. ಎರಡು ವರ್ಷ ಕಣ್ಣಿಟ್ಟು ನೋಡಿ, ಸಿಕ್ಕ ಪುಸ್ತಕಗಳನ್ನು ಓದಿ ತಿಳಿದುದನ್ನು ಇಲ್ಲಿ ಹೇಳುತ್ತಿದ್ದೇನೆ.

ಬಂಗಾರದ ಮೀನು ನಮ್ಮ ದೇಶದ್ದಲ್ಲ. ಅದರ ತವರು ಚೀಣಾ. ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿನ ಕೊಳಗಳಲ್ಲಿದ್ದ ಮಾಸಲು ಬಣ್ಣದ ಕಾರ್ಪ್ ಜಾತಿಯ ಮೀನಿನಲ್ಲಿ ಆಗೊಂದು ಈಗೊಂದು ಕೆಂಪು ಮರಿ ಹುಟ್ಟುತ್ತಿದ್ದಿತು. ಅಂಥವನ್ನು ಆರಿಸಿ ಸಾಕಿ, ಸೋಂಗ್ ದೊರೆಗಳ ಕಾಲಕ್ಕೆ ಅದನ್ನು ಮನೆಯ ಮೀನಾಗಿ ಮಾಡಿದರು. ಅಲ್ಲಿಂದ ಅದು ಜಪಾನಿಗೆ ಹೋಯಿತು. 17ನೆಯ ಶತಮಾನದಲ್ಲಿ ಯೂರೋಪನ್ನು ಸೇರಿತು. ನಮ್ಮ ಸಂತೆಯಲ್ಲಿ ಮಾರುವ ರೋಹು, ಕಾಟ್ಲಾ ಮೀನುಗಳೂ ಇದರ ಬಳಗವೇ. ಎಂದರೆ ಗಾಜಿನೊಳಗೆ ಬೆಡಗಿನಿಂದ ತಿರುಗುವ ಈ ರಾಣಿಯೂ ಬುಟ್ಟಿಯಲ್ಲಿ ಬಿದ್ದಿರುವ ಮೀನೂ ಒಂದೇ ಮನೆತನದವು.

ಮೀನನ್ನು ಅರಿತು ನೋಡುವ ಅಭ್ಯಾಸ ಮಾತ್ರ ನಮ್ಮ ಸೀಮೆಗೆ ಹೊಸದಲ್ಲ. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣವನ್ನು ರಾಜಧಾನಿ ಮಾಡಿಕೊಂಡು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದುಂಟು. ಮೀನಿನ ಬಗೆಗಳು ಯಾವುವು, ಯಾವ ಮೀನಿಗೆ ಯಾವ ಮೇವು ಎಂಬುದನ್ನು ಅಲ್ಲಿ ವಿವರಿಸಿದೆ. ಅದು ಗಾಳ ಹಾಕುವ ವಿನೋದಕ್ಕಾಗಿ ಬರೆದುದೆಂಬುದೇನೋ ನಿಜ. ಆದರೂ ರಾಜನೊಬ್ಬನು ಮೀನಿನ ಊಟದ ವಿಚಾರ ಬರೆಯಬಹುದಾದರೆ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಅದರ ಬೇನೆಯ ವಿಚಾರ ಬರೆಯಬಾರದೇಕೆ?

ನಮ್ಮ ಮನೆಗೆ ಈ ಮೀನುಗಳು ಹಣ ಕೊಟ್ಟು ಬಂದವಲ್ಲ. ಶಹಾಪುರದ ನಮ್ಮ ಓಣಿಯಲ್ಲಿ ಬಾಡಿಗೆಗೆ ಇದ್ದ ನೌಕರರೊಬ್ಬರು ಬೇರೆ ಊರಿಗೆ ವರ್ಗವಾದರು. ಸಾಮಾನಿನ ಲಾರಿಯಲ್ಲಿ ನೀರಿನ ತೊಟ್ಟಿ ಹೋಗುವುದು ಹೇಗೆ? "ನಿಮ್ಮ ಮಕ್ಕಳು ನೋಡಿಕೊಳ್ಳಲಿ" ಎಂದು ಮೂರು ಮೀನುಗಳ ಸಮೇತ ಅದನ್ನು ನಮ್ಮ ಪಡಸಾಲೆಯಲ್ಲಿ ಇಟ್ಟು ಹೋದರು. ಎರಡು ಕೆಂಪು, ಒಂದು ಕಪ್ಪು. ಕಪ್ಪನೆಯದು ಮೂರರಲ್ಲಿ ಹಿರಿಯದು. ಏಳನೆಯ ಇಯತ್ತೆಯಲ್ಲಿದ್ದ ನನ್ನ ತಂಗಿ ಅದಕ್ಕೆ 'ಗೌಡ' ಎಂದು ಹೆಸರಿಟ್ಟಳು. ಗಾರೆ ಕೆಲಸ ಮಾಡುವ ನಮ್ಮ ಅಪ್ಪ ಸಂಜೆ ಬಂದು ನೋಡಿ, "ಎತ್ತಿಗೆ ಬ್ಯಾನಿ ಬಂದ್ರ ಡಾಕ್ಟರ್ ಸಿಗೂದಿಲ್ಲ. ಇವಕ್ಕ ಏನಾದ್ರ ಆದ್ರ ಯಾರ್ ಬರ್ತಾರ?" ಎಂದರು. ನಕ್ಕು ಆಡಿದ ಮಾತಾದರೂ ಅದರಲ್ಲಿ ಸತ್ಯವಿತ್ತು. ಮುಂದೆ ಒಮ್ಮೆ ನಮ್ಮ ಕಡೆಯ ಪಶುವೈದ್ಯರೊಬ್ಬರನ್ನು ಕೇಳಿದಾಗ ಅವರು ಪ್ರಾಮಾಣಿಕವಾಗಿಯೇ, "ಇದರ ಔಷಧ ನಮ್ಮಲ್ಲಿಲ್ಲಮ್ಮ, ನೀವೇ ಓದಿ ನೋಡಿಕೊಳ್ಳಿ" ಎಂದರು.

ಓದುವುದಕ್ಕೆ ಮೊದಲು ನನಗೆ ಪಾಠ ಹೇಳಿದವರು ನಮ್ಮ ಆಯಿ, ಅಪ್ಪನ ತಾಯಿ. ಅವರು ಓದು ಬರಹ ಕಲಿತವರಲ್ಲ. ಚಿಕ್ಕಂದಿನಿಂದ ಕುರಿ ಕಾಯ್ದವರು. ಮೀನಿಗೆ ಬೇನೆಯಿದೆಯೆಂದು ತಿಳಿಯುವುದು ಹೇಗೆಂದು ನಾನು ಒಂದು ದಿನ ಗೊಣಗುತ್ತಿದ್ದಾಗ ಅವರು, "ಕುರಿ ಮೇವು ಬಿಡ್ತಂದ್ರ ಬ್ಯಾನಿ ಬಂತಂತ ತಿಳೀಬೇಕು. ಹಿಂಡು ಬಿಟ್ಟು ಒಂದ ಕಡಿ ನಿಂತ್ರೂ ಅಷ್ಟೇ. ನಿನ್ನ ಮೀನಿಗೇನು ಬ್ಯಾರೆ ಲೆಕ್ಕ ಇರ್ತದೇನವ್ವಾ?" ಎಂದರು. ಮುಂದೆ ನಾನು ಓದಿದ ಪುಸ್ತಕಗಳೆಲ್ಲ ಇದನ್ನೇ ಉದ್ದವಾಗಿ ಹೇಳಿದವು. ನೆಮ್ಮದಿಯಾಗಿರುವ ಬಂಗಾರದ ಮೀನು ಸದಾ ಏನನ್ನೋ ಮೂಸುತ್ತ, ತಳದ ಹರಳನ್ನು ಬಾಯಲ್ಲಿ ಆಡಿಸುತ್ತ ತಿರುಗುತ್ತದೆ. ಮನುಷ್ಯನ ನೆರಳು ಕಂಡರೆ ಊಟದ ಆಸೆಯಿಂದ ಮುಂದೆ ಬರುತ್ತದೆ. ಬೇನೆ ಬಿದ್ದದ್ದು ಮೂಲೆ ಹಿಡಿಯುತ್ತದೆ. ಬೆನ್ನಿನ ಈಜುರೆಕ್ಕೆಯನ್ನು ಮಡಚಿಕೊಳ್ಳುತ್ತದೆ. ತಳದಲ್ಲಿ ಕೂರುತ್ತದೆ ಇಲ್ಲವೆ ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತದೆ. ಮೈಯನ್ನು ಕಲ್ಲಿಗೆ ಉಜ್ಜಿಕೊಳ್ಳುವುದೂ ಉಂಟು. ಇವುಗಳಲ್ಲಿ ಒಂದು ಕಂಡರೂ ಆ ದಿನ ಮೇವು ನಿಲ್ಲಿಸಿ ಕುಳಿತು ನೋಡಬೇಕು. ರೋಗಿಗೆ ನಾಡಿ ಹಿಡಿಯಲು ಕೈಯಿಲ್ಲ; ಅದರ ನಡೆಯೇ ಅದರ ನಾಡಿ.

ನೋಡಬೇಕಾದುದು ಮೀನನ್ನು ಮಾತ್ರವಲ್ಲ, ನೀರನ್ನು ಕೂಡ. ಇದೇ ನನ್ನ ಲೇಖನದ ಮುಖ್ಯ ಮಾತು. ತೊಟ್ಟಿಯ ಮೀನಿಗೆ ಬರುವ ಬೇನೆಗಳಲ್ಲಿ ಬಹುಪಾಲು ಮೊದಲು ನೀರಿಗೆ ಬಂದು ಆಮೇಲೆ ಮೀನಿಗೆ ಬರುತ್ತವೆ. ಮೀನು ತನ್ನ ಮೈಯ ಕಲ್ಮಶವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಮೇವು ಕೊಳೆತರೂ ಅಮೋನಿಯಾ ಆಗುತ್ತದೆ. ಹೊಳೆಯಲ್ಲಾದರೆ ಅದು ಹರಿದು ಹೋದೀತು. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋದೀತು? ಅಲ್ಲಿ ಅದನ್ನು ಅರಗಿಸುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದು ಅಷ್ಟು ಹಾನಿಕರವಲ್ಲ. ಈ ಉಪಕಾರಿಗಳು ಸೋಸುಕದ ಸ್ಪಂಜಿನಲ್ಲಿ ಮನೆ ಮಾಡಿಕೊಂಡು ಹೆಚ್ಚಲು 4ರಿಂದ 6 ವಾರಗಳು ಬೇಕು. ಹೊಸ ತೊಟ್ಟಿಯಲ್ಲಿ ಬಿಟ್ಟ ಮೀನುಗಳು ಮೊದಲ ತಿಂಗಳಲ್ಲೇ ಸಾಯುವುದರ ಗುಟ್ಟು ಇದು. ಸ್ಪಂಜನ್ನು ನಳದ ನೀರಿನಲ್ಲಿ ತಿಕ್ಕಿ ತೊಳೆದರೆ ಅವು ಕ್ಲೋರಿನ್ನಿನಿಂದ ಸಾಯುತ್ತವೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದನ್ನು ಹಿಂಡಿದರೆ ಸಾಕು.

ನಮ್ಮ ಕಡೆಯವರು ಇಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ನಮ್ಮ ಬೋರಿನ ನೀರು ಗಡುಸು. ಹಂಡೆಯ ತಳದಲ್ಲಿ ಕೂರುವ ಬಿಳಿಯ ಹಕ್ಕಳೆಯೇ ಸಾಕ್ಷಿ. ಗಡುಸು ನೀರನ್ನು ಬಂಗಾರದ ಮೀನು ಸಹಿಸುತ್ತದೆ. ಆದರೆ ಇಂಥ ನೀರು ಸಾಮಾನ್ಯವಾಗಿ ಕ್ಷಾರೀಯ. ಕ್ಷಾರ ಹೆಚ್ಚಿದಷ್ಟೂ ಅಮೋನಿಯಾ ಹೆಚ್ಚು ವಿಷಕಾರಿ. ನೀರಿನ ಪಿ.ಎಚ್. 7 ಇದ್ದುದು 8 ಆದರೆ ಅಮೋನಿಯಾದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಆದ್ದರಿಂದ ತೊಟ್ಟಿಯಲ್ಲಿ ಮೀನು ವಿರಳವಾಗಿರಬೇಕು. ಒಂದಕ್ಕೆ 40 ಲೀಟರಾದರೂ ನೀರು ಬೇಕು. ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸಬೇಕು, ಪೂರ್ತಿ ಬದಲಿಸಕೂಡದು. ನಳದ ನೀರಾದರೆ, ಮುಖ್ಯವಾಗಿ ಬ್ಲೀಚಿಂಗ್ ಪುಡಿಯ ವಾಸನೆ ಬರುವ ಮಳೆಗಾಲದಲ್ಲಿ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಆಮೇಲೆ ಹಾಕಬೇಕು.

ಬೇಸಿಗೆಯ ಸಂಕಟವೇ ಬೇರೆ. ಬಂಗಾರದ ಮೀನು ತಂಪು ನೀರಿನದು; ನಮ್ಮ ಯಾದಗಿರಿ ಜಿಲ್ಲೆಯ ಬಿಸಿಲಾದರೋ 40 ಡಿಗ್ರಿಯನ್ನು ದಾಟಿ ಹೋಗುತ್ತದೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಆದರೆ ಮೀನಿನ ಮೈಗೆ ಬೇಕಾದ ವಾಯುವೋ ಸೆಕೆಯಲ್ಲಿ ಹೆಚ್ಚು. ಅಂಥ ರಾತ್ರಿಗಳಲ್ಲಿ ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಇದಕ್ಕೆ ಔಷಧವೇನು? ತಂಬಿಗೆಯಿಂದ ತೊಟ್ಟಿಯ ನೀರನ್ನೇ ಮೊಗೆದು ಒಂದು ಮೊಳ ಎತ್ತರದಿಂದ ಸುರಿಯುವುದು. ನಾನೂ ತಂಗಿಯೂ ಪಾಳಿಯ ಮೇಲೆ ಹೀಗೆ ಸುರಿದ ರಾತ್ರಿಗಳುಂಟು. ಪರೀಕ್ಷೆಯ ಓದಿಗೂ ಅದರಿಂದ ಎಚ್ಚರ ಬಂದಿತೆಂದು ಹೇಳಿದರೆ ಅತಿಶಯವಲ್ಲ.

ಇನ್ನು ಬೇನೆಗಳ ವಿಚಾರ. ಹೋದ ವರ್ಷ ಸಂಕ್ರಾಂತಿಗೆ ಮೈಲಾಪುರದ ಜಾತ್ರೆ ಮುಗಿಸಿಕೊಂಡು ಬಂದ ಸೋದರಮಾವ ಯಾದಗಿರಿಯ ಅಂಗಡಿಯೊಂದರಿಂದ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕನೆಯ ಮೀನೊಂದನ್ನು ತಂದರು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ತಂಗಿ ಅದನ್ನು ತೊಟ್ಟಿಗೆ ಬಿಟ್ಟಾಗಿತ್ತು. ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡಿ ಆಮೇಲೆ ಹಳೆಯವುಗಳೊಡನೆ ಬಿಡಬೇಕೆಂಬುದು ನಿಯಮ. ಹುಡುಗಿಗೆ ಅದು ತಿಳಿಯುವುದಾದರೂ ಹೇಗೆ? ನಾಲ್ಕನೆಯ ದಿನ ಹೊಸದರ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿಯ ಚುಕ್ಕೆಗಳು ಕಂಡವು. ವಾರದೊಳಗೆ ನಾಲ್ಕಕ್ಕೂ ಹರಡಿದವು.

ಇದು ಬಿಳಿಚುಕ್ಕೆ ರೋಗ. ಇಕ್ತಿಯೋಫ್ತಿರಿಯಸ್ ಎಂಬ ಸೂಕ್ಷ್ಮ ಪರೋಪಜೀವಿ ಮೀನಿನ ಚರ್ಮದೊಳಗೆ ಹೊಕ್ಕು ಬೆಳೆಯುವುದರಿಂದ ಬರುತ್ತದೆ. ಬಲಿತ ಮೇಲೆ ಅದು ಮೀನನ್ನು ಬಿಟ್ಟು ತಳಕ್ಕೆ ಬಿದ್ದು, ಕವಚ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಒಂದೆರಡು ದಿನಗಳಲ್ಲಿ ಮತ್ತೊಂದು ಮೀನನ್ನು ಹಿಡಿಯಬೇಕು, ಇಲ್ಲವೆ ಸಾಯಬೇಕು. ಚರ್ಮದೊಳಗೆ ಇರುವಾಗ ಯಾವ ಔಷಧವೂ ಅದನ್ನು ಮುಟ್ಟದು, ಕವಚದೊಳಗೂ ಮುಟ್ಟದು. ಮರಿಗಳು ನೀರಿನಲ್ಲಿ ಈಜುತ್ತಿರುವ ಆ ಅಲ್ಪ ಕಾಲವೇ ನಮಗೆ ಸಿಗುವ ಸಂಧಿ. ಚುಕ್ಕೆ ಮಾಯವಾಯಿತೆಂದು ಚಿಕಿತ್ಸೆ ನಿಲ್ಲಿಸಿದವರ ತೊಟ್ಟಿಯಲ್ಲಿ ಒಂದಕ್ಕೆ ನೂರಾಗಿ ಅದು ಮರಳಿ ಬರುವುದಕ್ಕೆ ಇದೇ ಕಾರಣ.

"ಉಪ್ಪಿಗಿಂತ ರುಚಿಯಿಲ್ಲ" ಎಂಬ ಮಾತಿಗೆ ಬಂಗಾರದ ಮೀನಿನ ವಿಷಯದಲ್ಲಿ "ಉಪ್ಪಿಗಿಂತ ಔಷಧವಿಲ್ಲ" ಎಂದು ಸೇರಿಸಬಹುದು. ಅಡಿಗೆಯ ಕಲ್ಲುಪ್ಪೇ ಸಾಕು, ಆದರೆ ತೂಕ ತಪ್ಪಬಾರದು. ನಮ್ಮ ತೊಟ್ಟಿ 60 ಸೆಂಟಿಮೀಟರು ಉದ್ದ, 30 ಅಗಲ. ನೀರು 25 ಸೆಂಟಿಮೀಟರು ನಿಲ್ಲುತ್ತದೆ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 45 ಲೀಟರು. ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ 135 ಗ್ರಾಂ ಉಪ್ಪು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 45 ಗ್ರಾಮಿನ ಮೂರು ಪೊಟ್ಟಣ ಕಟ್ಟಿಸಿಕೊಂಡು ಬಂದು, ಬೇರೆ ಪಾತ್ರೆಯಲ್ಲಿ ಕರಗಿಸಿ, ಅರ್ಧ ದಿನಕ್ಕೊಂದರಂತೆ ಹಾಕಿದೆವು. ದಿನವೂ ನಳಿಕೆಯಿಂದ ತಳದ ಕೊಳೆಯನ್ನು ಹೀರಿ ತೆಗೆದೆವು. ಕವಚ ಕಟ್ಟಿದ ಶತ್ರುಗಳಿರುವುದು ಅಲ್ಲಿಯೇ. ಉಪ್ಪು ಆವಿಯಾಗಿ ಹೋಗುವ ವಸ್ತುವಲ್ಲ. ಆದ್ದರಿಂದ ಎಷ್ಟು ನೀರು ತೆಗೆದೆವೋ ಅಷ್ಟಕ್ಕೆ ಮಾತ್ರ ಮತ್ತೆ ಉಪ್ಪು ಸೇರಿಸಿದೆವು. ಚಳಿಯಲ್ಲಿ ಈ ರೋಗದ ಚಕ್ರ ನಿಧಾನವಾಗಿ ತಿರುಗುವುದರಿಂದ ಚಿಕಿತ್ಸೆಯನ್ನು ಪೂರ್ತಿ ಮೂರು ವಾರ ನಡೆಸಿದೆವು. ಹೊಸ ಮೀನು ಮೂರನೆಯ ದಿನವೇ ಸತ್ತಿತು. ಹಳೆಯ ಮೂರೂ ಉಳಿದವು. ಆ ಮೂರು ವಾರ ಅಪ್ಪ ಕೆಲಸದಿಂದ ಬಂದವರು ಕಾಲು ತೊಳೆಯುವ ಮೊದಲೇ, "ಗೌಡ ಹ್ಯಾಂಗಿದ್ದಾನ?" ಎಂದು ಕೇಳುತ್ತಿದ್ದರು.

ಬಿಳಿಯ ಚುಕ್ಕೆಯೆಲ್ಲ ರೋಗವಲ್ಲ ಎಂಬುದನ್ನೂ ಹೇಳಬೇಕು. ಸುರಪುರದ ಗೆಳತಿಯೊಬ್ಬಳು, "ನಮ್ಮ ಮೀನಿಗೂ ಚುಕ್ಕೆ ಬಂದಾವ, ಲಗೂನ ಬಾ" ಎಂದು ಫೋನು ಮಾಡಿದಳು. ಬಸ್ಸು ಹತ್ತಿ ಹೋಗಿ ನೋಡಿದೆ. ಚುಕ್ಕೆಗಳು ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಯ ಮುಂಚೂಣಿನ ಮೇಲೆ ಮಾತ್ರ ಸಾಲಾಗಿ ಪೋಣಿಸಿದಂತಿದ್ದವು. ಮೈಮೇಲೆ ಎಲ್ಲಿಯೂ ಇಲ್ಲ. ಮೀನು ಚಟುವಟಿಕೆಯಿಂದ ಇನ್ನೊಂದನ್ನು ಅಟ್ಟಿಸಿಕೊಂಡು ತಿರುಗುತ್ತಿತ್ತು. ಅದು ಗಂಡು ಮೀನು ಪ್ರಾಯಕ್ಕೆ ಬಂದ ಗುರುತು. ಮದುವೆಯ ಬಾಸಿಂಗವೆಂದರೂ ಸಲ್ಲುತ್ತದೆ. ಗೆಳತಿಯ ಕೈಯಲ್ಲಿ ಅಂಗಡಿಯವನು ಕೊಟ್ಟ ನೀಲಿ ಔಷಧದ ಸೀಸೆ ತೆರೆದೇ ಇತ್ತು! ಮದುಮಗನಿಗೆ ಮದ್ದು ಕುಡಿಸುವುದು ತಪ್ಪಿತು.

ಉಳಿದ ಬೇನೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಈಜುರೆಕ್ಕೆಯ ಅಂಚು ಹರಿದು ಬೆಳ್ಳಗೆ ಕೊಳೆಯುತ್ತ ಬಂದರೆ ಅದು ಬ್ಯಾಕ್ಟೀರಿಯಾದ ಕಾಟ. ನೀರು ಶುದ್ಧವಾದರೆ ಮೊದಮೊದಲಿನದು ತಾನಾಗಿಯೇ ವಾಸಿಯಾಗುತ್ತದೆ. ಕೆಂಪು ಮೀನಿನ ಮೈಮೇಲೆ ಒಮ್ಮೆಲೇ ಮಸಿ ಬಳಿದಂತೆ ಕಪ್ಪು ಕಂಡರೆ ಅದು ಅನೇಕ ವೇಳೆ ಅಮೋನಿಯಾ ಸುಟ್ಟ ಗಾಯ ಮಾಯುತ್ತಿರುವ ಗುರುತು. ಮೀನಿಗೆ ಔಷಧ ಬೇಡ, ನೀರನ್ನು ವಿಚಾರಿಸಬೇಕು. ಮೀನು ತಲೆಕೆಳಗಾಗಿ ತೇಲಿದರೆ ಒಳಗಿನ ಗಾಳಿಚೀಲದ ತೊಂದರೆ. ಗುಂಡು ಮೈಯ ತಳಿಗಳಿಗೆ ಇದು ಹೆಚ್ಚು. ಬಂಗಾರದ ಮೀನಿಗೆ ಜಠರವೆಂಬುದೇ ಇಲ್ಲ. ತಿಂದುದು ನೇರವಾಗಿ ಕರುಳಿಗೆ ಇಳಿಯುತ್ತದೆ. ಓಣಿಯ ಮಕ್ಕಳು ಪ್ರೀತಿಯಿಂದ ಎಸೆಯುವ ಚುರುಮುರಿ, ಬಿಸ್ಕೀಟು ಅದಕ್ಕೆ ಆಗಿಬರುವುದಿಲ್ಲ. ಎರಡು ಮೂರು ದಿನ ಉಪವಾಸವಿಟ್ಟು ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯ ಚೂರು ಕೊಟ್ಟರೆ ಹಲವು ವೇಳೆ ಸರಿಹೋಗುತ್ತದೆ. ನಮ್ಮಲ್ಲಿ ಏಕಾದಶಿ ಮಾಡುವವರಿದ್ದಾರೆ. ಮೀನಿಗೂ ವಾರಕ್ಕೊಂದು ಏಕಾದಶಿ ಒಳ್ಳೆಯದು.

ಕೆಲವರು ಮನುಷ್ಯರ ಟೆಟ್ರಾಸೈಕ್ಲಿನ್ ಗುಳಿಗೆಯನ್ನು ಒಡೆದು ತೊಟ್ಟಿಗೆ ಸುರಿಯುತ್ತಾರೆ. ಗಡುಸು ನೀರಿನ ಸುಣ್ಣದಂಶ ಆ ಔಷಧವನ್ನು ಹಿಡಿದು ಕಟ್ಟಿಹಾಕುವುದರಿಂದ ನಮ್ಮ ಕಡೆಯ ನೀರಿನಲ್ಲಿ ಅದರ ಬಲ ಬಹಳ ಕುಂದುತ್ತದೆ. ಮೇಲಾಗಿ ಇಂಥ ಔಷಧಗಳು ತೊಟ್ಟಿಯ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಹುದು. ಆಗ ರೋಗವೂ ಹೋಗದೆ, ನೀರೂ ಕೆಟ್ಟು ಎರಡು ಕಡೆಯಿಂದ ನಷ್ಟ. ಹಾಗೆಯೇ ಸಾಕಲಾರದ ಮೀನನ್ನು ಪುಣ್ಯವೆಂದು ಕೆರೆಗೆ ಬಿಡುವುದೂ ಸರಿಯಲ್ಲ. ಪರದೇಶದ ಮೀನು, ಅದರ ಸಂಗಡ ಅದರ ಬೇನೆ, ನಮ್ಮ ಕೆರೆಯ ಮೀನುಗಳಿಗೆ ಕೇಡಾಗಬಹುದು.

ಎಲ್ಲ ಬೇನೆಗೂ ಮದ್ದಿಲ್ಲವೆಂಬುದನ್ನು ನಮಗೆ ಕಲಿಸಿದವನು ಗೌಡ. ಆಷಾಢದಲ್ಲಿ ಅವನ ಹೊಟ್ಟೆ ಊದಿತು. ಹುರುಪೆಗಳೆಲ್ಲ ಎದ್ದು ನಿಂತು ಮೇಲಿನಿಂದ ನೋಡಿದರೆ ಮೈ ಸೀತಾಫಲದಂತೆ ಕಾಣುತ್ತಿತ್ತು. ಇದು ಜಲೋದರ. ಒಳಗಿನ ಮೂತ್ರಪಿಂಡ ಕೆಲಸ ನಿಲ್ಲಿಸಿ ನೀರು ತುಂಬಿಕೊಂಡುದರ ಗುರುತು. ಹುರುಪೆ ಎದ್ದ ಮೇಲೆ ಉಳಿಯುವ ಮೀನು ಅಪರೂಪ. ಬೇರೆ ಪಾತ್ರೆಯಲ್ಲಿಟ್ಟು, ಎಪ್ಸಮ್ ಉಪ್ಪು ಹಾಕಿ, ಮಬ್ಬುಗತ್ತಲೆಯಲ್ಲಿ ವಿಶ್ರಾಂತಿ ಕೊಟ್ಟೆವು. ಆರನೆಯ ದಿನ ಬೆಳಿಗ್ಗೆ ಅವನು ಇರಲಿಲ್ಲ. ತಂಗಿ ಅತ್ತಳು. ನಿಂಬೆಯ ಗಿಡದ ಬುಡದಲ್ಲಿ ಅಪ್ಪನೇ ಗುಂಡಿ ತೋಡಿದರು. ಆಯಿ ಮಾತ್ರ, "ನೋಡಿಕೊಳ್ಳೂದು ನಮ್ಮ ಕಡಿ, ಉಳಿಯೂದು ಅದರ ಕಡಿ" ಎಂದು ಹೇಳಿ ತಂಗಿಯ ತಲೆ ಸವರಿದರು.

ಆ ವಾರ ಅಪ್ಪ ಉಳಿದ ಎರಡಕ್ಕಾಗಿ ಅಂಗಳದ ನೆರಳಿನಲ್ಲಿ 150 ಲೀಟರು ಹಿಡಿಯುವ ಸಿಮೆಂಟಿನ ತೊಟ್ಟಿಯೊಂದನ್ನು ಕಟ್ಟಿದರು. ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುವುದರಿಂದ ಅದನ್ನು ಕೆಲವು ವಾರ ನೀರು ತುಂಬಿ ಚೆಲ್ಲಿ ಹದಮಾಡಬೇಕೆಂದು ನಾನು ಓದಿ ಹೇಳಿದಾಗ ಅವರು ನಕ್ಕು, "ಅದು ನಂಗ ಗೊತ್ತದ, ಇದು ನನ್ನ ಕಸುಬು" ಎಂದರು. ಸೋಸುಕದ ಹಳೆಯ ಸ್ಪಂಜನ್ನೇ ಅದಕ್ಕೂ ಹಾಕಿದೆವು. ಅಂದಿನಿಂದ ಇಂದಿನವರೆಗೆ ಎರಡೂ ಆರೋಗ್ಯವಾಗಿವೆ. ಚೆನ್ನಾಗಿ ನೋಡಿಕೊಂಡರೆ ಇವು ಹತ್ತು ಹದಿನೈದು ವರ್ಷ ಬಾಳುತ್ತವೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ 'ಟಿಷ್' ಎಂಬ ಬಂಗಾರದ ಮೀನು 1999ರವರೆಗೆ, ಎಂದರೆ 43 ವರ್ಷ ಬದುಕಿತ್ತು.

ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆಯ ಕಾಲೇಜು ಇದೆ. ಅದು ಸೇರಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರವು ನಮ್ಮ ಬೀದರಿನಲ್ಲಿಯೇ ಇದೆ. ಅಲ್ಲಿನ ವಿದ್ಯೆ ಶಹಾಪುರದ ಒಂದು ಓಣಿಯ ತೊಟ್ಟಿಯವರೆಗೆ ಬರಲು ಇನ್ನೂ ಕಾಲ ಬೇಕಾದೀತು. ಅಲ್ಲಿಯವರೆಗೆ ನಮ್ಮ ಕಣ್ಣೇ ನಮಗೆ ವೈದ್ಯ. ಮನೆಯಲ್ಲಿ ಮೀನು ಸಾಕಿರುವ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮೀನು ಮಂಕಾದ ದಿನ ಔಷಧದ ಸೀಸೆಗೆ ಕೈ ಹಾಕಬೇಡಿರಿ. ಮೊದಲು ಮೇವು ನಿಲ್ಲಿಸಿರಿ, ಕಾಲು ಭಾಗ ನೀರು ಬದಲಿಸಿರಿ, ಒಂದು ಗಳಿಗೆ ಎದುರಿಗೆ ಕುಳಿತು ನೋಡಿರಿ. ಮಾತಾಡಲಾರದ ಜೀವದ ಬೇನೆಯನ್ನು ಅರಿಯಲು ಕಲಿತವರು ಮಾತಾಡಲು ಹಿಂಜರಿಯುವ ಮನುಷ್ಯರ ಬೇನೆಯನ್ನೂ ಮುಂದೊಂದು ದಿನ ಅರಿತಾರು.